ಮೂರು ಹಳೆಯ ಹಾಡುಗಳು: ಚೆಕ್ ಸಂಗೀತದ ಜಾಡು ಹಿಡಿದು

ಹತ್ತೊಂಬತ್ತನೆಯ ಶತಮಾನದ ಚೆಕ್ ರಚನೆಕಾರ ಬೆದ್ರಿಖ್ ಸ್ಮೆತನನ ‘ಮಾ ವ್ಲಾಸ್ತ್’, ಅಂದರೆ ‘ನನ್ನ ನಾಡು’, ಆರು ಭಾಗಗಳ ವಾದ್ಯವೃಂದ ಕೃತಿ. ಹೆಚ್ಚಿನವರು ಕೇಳಿರುವುದು ಅದರ ಎರಡನೆಯ ಭಾಗ, ವಲ್ತವಾ ನದಿಯದು. ಎರಡು ಕೊಳಲುಗಳು ಒಂದರ ಉಸಿರಿನಿಂದ ಇನ್ನೊಂದು ಎತ್ತಿಕೊಂಡು ಹರಿಯುವ ಆ ಆರಂಭ ಎಷ್ಟು ಜನಪ್ರಿಯವೆಂದರೆ, ಅದರ ಹಿಂದೆ ಮುಂದೆ ಇನ್ನೂ ಐದು ಭಾಗಗಳಿವೆ ಎನ್ನುವುದೇ ಮರೆತುಹೋಗುತ್ತದೆ. ಆದರೆ ಕೃತಿಯ ಜೀವ ಇರುವುದು ಕೊನೆಯ ಎರಡರಲ್ಲಿ. ಐದನೆಯ ‘ತಾಬೊರ್’ ಕೊಂಬುಗಳ ತಗ್ಗಿನ ‘ಡಿ’ ಸ್ವರದಿಂದ ಏಳುತ್ತದೆ. ಅದೇ ಸ್ವರ ಮತ್ತೆ ಮತ್ತೆ, ಮುಚ್ಚಿದ ಬಾಗಿಲನ್ನು ಬಡಿದ ಹಾಗೆ. ಅದು ಎಲ್ಲಿ ನಿಲ್ಲುತ್ತದೋ ಆರನೆಯ ‘ಬ್ಲಾನಿಕ್’ ಅಲ್ಲಿಂದಲೇ, ಅದೇ ಬಡಿತದಿಂದ ಶುರುವಾಗುತ್ತದೆ. ಎರಡು ಭಾಗಗಳ ನಡುವೆ ಸಭೆ ಕೆಮ್ಮಿ ಚಪ್ಪಾಳೆ ತಟ್ಟಿದರೆ ಎಲ್ಲ ಕೆಟ್ಟಿತು. ಏಕೆಂದರೆ ಎರಡೂ ಒಂದೇ ಹಾಡಿನ ಮೇಲೆ ಕಟ್ಟಿದವು, ಮತ್ತು ಆ ಹಾಡು ಸ್ಮೆತನನದಲ್ಲ. ಅವನಿಗಿಂತ ನಾಲ್ಕೂವರೆ ಶತಮಾನ ಹಿಂದಿನದು.

ಚೆಕ್ ಸಂಗೀತದ ಚರಿತ್ರೆಯನ್ನು ರಾಜವಂಶಗಳ ಪಟ್ಟಿಯಾಗಿ ಓದಿದರೆ ಏನೂ ದಕ್ಕುವುದಿಲ್ಲ. ಅಲ್ಲಿ ಅರಮನೆಗಳು ಬಂದವು, ಹೋದವು. ಬಹುಕಾಲ ಆಳಿದವರು ವಿಯೆನ್ನಾದಲ್ಲಿ ಕೂತವರು. ಉಳಿದುಕೊಂಡು ಬಂದದ್ದು ಕೆಲವು ಹಾಡುಗಳು, ಅವುಗಳನ್ನು ಹಾಡಲು ಕಲಿಸಿದ ಹಳ್ಳಿ ಮೇಷ್ಟರು, ಮತ್ತು ಹಾಡಿದ ಭಾಷೆ. ಈ ಮೂರನ್ನು ಹಿಡಿದು ಹೊರಟರೆ ದಾರಿ ತಪ್ಪುವುದಿಲ್ಲ.

ಮೊದಲ ಹಾಡು ‘ಹೊಸ್ಪೊದಿನೆ, ಪೊಮಿಲುಯ್ ನಿ’: ಒಡೆಯನೇ, ನಮ್ಮ ಮೇಲೆ ಕರುಣೆಯಿಡು. ಇದು ಗೊತ್ತಿರುವಷ್ಟರಲ್ಲಿ ಅತ್ಯಂತ ಹಳೆಯ ಚೆಕ್ ಹಾಡು, ಹತ್ತು ಅಥವಾ ಹನ್ನೊಂದನೆಯ ಶತಮಾನದ್ದು. ಪರಂಪರೆ ಇದನ್ನು ಸಂತ ವೊಯ್ತ್ಯೆಖ್‌ನ ಹೆಸರಿಗೆ ಹಚ್ಚಿದೆ. 863ರಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸೋದರರು ಚೆಕ್ ನಾಡಿನ ಪೂರ್ವಭಾಗವಾದ ಮೊರಾವಿಯಾಕ್ಕೆ ಬಂದು, ಲ್ಯಾಟಿನ್ ಬಿಟ್ಟು ಸ್ಲಾವ್ ಭಾಷೆಯಲ್ಲೇ ಪೂಜೆ ನಡೆಸಲು ಕಲಿಸಿದ್ದರು. ಆ ಹಳೆಯ ಸ್ಲಾವ್ ಭಾಷೆಯ ಎಳೆಗಳು ಈ ಹಾಡಿನ ಪದಗಳಲ್ಲಿ ಇನ್ನೂ ಕಾಣುತ್ತವೆ. ರಾಗ ಕೆಲವೇ ಸ್ವರಗಳೊಳಗೆ ಏರಿಳಿಯುತ್ತದೆ. ಕೊನೆಗೆ ‘ಕ್ರ್‌ಲೆಶ್’ ಎಂದು ಮೂರು ಸಲ ಬರುತ್ತದೆ. ಗ್ರೀಕ್‌ನ ‘ಕೀರಿಯೆ ಎಲೆಯ್ಸೊನ್’ ರೈತಾಪಿ ಜನರ ಬಾಯಲ್ಲಿ ಸವೆದು ಸವೆದು ಇಷ್ಟಾಯಿತು. ಒಂದು ಪರಭಾಷೆಯ ಮಂತ್ರ ಹೀಗೆ ನಾಲಿಗೆಯಲ್ಲಿ ತೇಯಬೇಕಾದರೆ ಎಷ್ಟು ತಲೆಮಾರು ಅದನ್ನು ಕೂಗಿರಬೇಕು! 1397ರಲ್ಲಿ ಹೊಲೆಶೋವ್‌ನ ಯಾನ್ ಎಂಬ ಸನ್ಯಾಸಿ ಈ ಹಾಡಿಗೊಂದು ವ್ಯಾಖ್ಯಾನ ಬರೆದು ಸ್ವರಗಳನ್ನೂ ಗುರುತಿಸಿಟ್ಟ. ವ್ಯಾಖ್ಯಾನ ಬೇಕಾಯಿತು ಎಂದರೆ ಆ ಹೊತ್ತಿಗಾಗಲೇ ಪದಗಳು ಜನಕ್ಕೆ ಪೂರ್ತಿ ಅರ್ಥವಾಗುತ್ತಿರಲಿಲ್ಲ ಎಂದಾಯಿತು. ಹಾಗಿದ್ದೂ ಹಾಡುವುದು ಬಿಟ್ಟಿರಲಿಲ್ಲ. ನಾಲ್ಕನೆಯ ಚಾರ್ಲ್ಸ್ ದೊರೆ ಪಟ್ಟಾಭಿಷೇಕದ ವಿಧಿಯಲ್ಲೇ ಅದನ್ನು ಸೇರಿಸಿದ್ದ.

ಎರಡನೆಯದು ‘ಸ್ವಾತಿ ವಾತ್ಸ್‌ಲವೆ’, ನಾಡಿನ ರಕ್ಷಕ ಸಂತ ವಾತ್ಸ್‌ಲಾವ್‌ನನ್ನು ಕರೆಯುವ ಹಾಡು, ಸುಮಾರು ಹನ್ನೆರಡನೆಯ ಶತಮಾನದ್ದು. ಮೊದಲಿಗೆ ಮೂರೇ ನುಡಿಗಳಿದ್ದವು, ಆಮೇಲೆ ಬೆಳೆದವು. ಸೇರಿಕೊಂಡ ನುಡಿಗಳಲ್ಲಿ ಒಂದು ಸಾಲು ಮುಂದೆ ಇಡೀ ಹಾಡಿಗಿಂತ ಭಾರವಾಯಿತು: ‘ನಮ್ಮನ್ನೂ, ಮುಂದೆ ಬರುವವರನ್ನೂ ಅಳಿಯಗೊಡಬೇಡ.’ ಯುದ್ಧ, ಪರಾಧೀನತೆ, ಮುತ್ತಿಗೆ ಯಾವುದೇ ಬರಲಿ, ಚೆಕ್ಕರು ತಿರುಗಿ ತಿರುಗಿ ಹೋಗುವುದು ಈ ಸಾಲಿಗೆ.

ಮೂರನೆಯದು ಬಡಿತದ ಹಾಡು. ಪ್ರಾಗ್‌ನ ಬೆತ್ಲೆಹೆಮ್ ಪ್ರಾರ್ಥನಾಮಂದಿರದಲ್ಲಿ ಚೆಕ್ ಭಾಷೆಯಲ್ಲೇ ಉಪದೇಶ ಮಾಡುತ್ತಿದ್ದ ಯಾನ್ ಹುಸ್‌ನನ್ನು 1415ರ ಜುಲೈ 6ರಂದು ಕಾನ್‌ಸ್ಟಾನ್ಸ್ ನಗರದಲ್ಲಿ ಜೀವಂತ ಸುಟ್ಟರು. ಅವನ ಅನುಯಾಯಿಗಳು ಬಂಡೆದ್ದರು. ಅವರ ಮೇಲೆ ಕ್ಯಾಥೊಲಿಕರ ಧರ್ಮಯುದ್ಧಗಳು ಒಂದರ ಹಿಂದೊಂದು ಬಂದವು. ಅವರು ಹಾಡಿಕೊಂಡು ಹೋದದ್ದು ‘ಕ್ತೋಶ್ ಯ್ಸೂ ಬೋಝಿ ಬೊಯೋವ್‌ನಿತ್ಸಿ’, ‘ದೇವರ ಯೋಧರು ಯಾರೋ ಅವರು’ ಎಂದು ಶುರುವಾಗುವ ಹಾಡು. ಇದನ್ನು ಬರೀ ಭಕ್ತಿಗೀತೆ ಎಂದುಕೊಂಡರೆ ತಪ್ಪು. ಪದಗಳನ್ನು ನೋಡಿದರೆ ಇದೊಂದು ಕವಾಯತು ಪಾಠ. ಬಿಲ್ಲುಗಾರರೇ, ಈಟಿಯವರೇ, ಒಕ್ಕಣೆಯ ಬಡಿಗೋಲು ಹಿಡಿದ ಸಾಮಾನ್ಯ ಜನರೇ ಎಂದು ಒಂದೊಂದು ಪಡೆಯನ್ನು ಹೆಸರಿಡಿದು ಕರೆಯುತ್ತದೆ. ಸಾಲು ಬಿಡಬೇಡಿ; ಲೂಟಿಯ ಆಸೆಗೆ ನಿಂತು ಪ್ರಾಣ ಕಳಕೊಳ್ಳಬೇಡಿ; ಶತ್ರುಗಳು ಎಷ್ಟೇ ಇರಲಿ ಹೆದರಬೇಡಿ. ಉಳುವ ಕೈಗಳನ್ನು ಸೈನ್ಯ ಮಾಡಬೇಕಾದಾಗ ಆಜ್ಞೆಗಳನ್ನು ಓದಿ ಹೇಳಿದರೆ ನೆನಪಿರುವುದಿಲ್ಲ, ಹಾಡಿದರೆ ಇರುತ್ತದೆ. ಅದಕ್ಕೇ ರಾಗ ಅಷ್ಟು ನೇರ: ಡೋರಿಯನ್ ಎಂಬ ಹಳೆಯ ಇಗರ್ಜಿ ಸ್ವರಶ್ರೇಣಿ, ಒಂದು ಅಕ್ಷರಕ್ಕೆ ಬಹುಪಾಲು ಒಂದೇ ಸ್ವರ, ಅಲಂಕಾರ ಇಲ್ಲ. 1431ರ ಆಗಸ್ಟ್ 14ರಂದು ದೊಮಾಝ್ಲಿತ್ಸೆ ಬಳಿ ಶತ್ರುಸೈನ್ಯ ಈ ಹಾಡು ದೂರದಿಂದ ಕೇಳಿಬಂದೊಡನೆ ಕಾಲ್ಕಿತ್ತಿತು ಎಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ.

ಇದಕ್ಕೊಂದು ಬೆಲೆಯೂ ತೆರಬೇಕಾಯಿತು. ತಾಬೊರ್‌ನ (ಹುಸ್ ಅನುಯಾಯಿಗಳು ಕಟ್ಟಿದ ಊರು) ಉಗ್ರಪಂಥದವರು ಆರ್ಗನ್ ಒಲ್ಲೆ, ಹಲವು ದನಿಗಳ ಸಂಕೀರ್ಣ ಗಾಯನ ಒಲ್ಲೆ ಎಂದರು. ಪಶ್ಚಿಮ ಯುರೋಪಿನಲ್ಲಿ ಬಹುದನಿ ಸಂಗೀತ ಅರಳುತ್ತಿದ್ದ ಹೊತ್ತಿಗೆ ಬೊಹೀಮಿಯಾ, ಅಂದರೆ ಚೆಕ್ ನಾಡಿನ ಪಶ್ಚಿಮ ಭಾಗ, ಒಂದೇ ದನಿಯ ಸಾಮೂಹಿಕ ಹಾಡಿಗೆ ಮರಳಿತು. ಇದನ್ನು ಹಿನ್ನಡೆ ಎಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಊರಿಗೆ ಊರೇ ಹಾಡುವ ಅಭ್ಯಾಸ ಹುಟ್ಟಿದ್ದು ಅಲ್ಲಿಯೇ. ಆ ಹಾಡುಗಳ ಬಹುಮುಖ್ಯ ಹಸ್ತಪ್ರತಿ, ಹದಿನೈದನೆಯ ಶತಮಾನದ ಯಿಸ್ತೆಬ್ನಿತ್ಸೆ ಹಾಡುಪುಸ್ತಕ, ಅದೇ ಹೆಸರಿನ ಊರಲ್ಲಿ 1872ರಲ್ಲಿ ಸಿಕ್ಕಿತು. ಹುಸ್‌ನ ದಾರಿ ಹಿಡಿದ ‘ಸೋದರರ ಸಂಘ’ 1501ರಲ್ಲೇ ಪ್ರಾಗ್‌ನಲ್ಲಿ 89 ಹಾಡುಗಳ ಪುಸ್ತಕವನ್ನು ಅಚ್ಚು ಹಾಕಿತು. ಅದರಲ್ಲಿ ಸ್ವರಲಿಪಿ ಇಲ್ಲ, ಬರೀ ಸಾಹಿತ್ಯ; ರಾಗ ಎಲ್ಲರಿಗೂ ಗೊತ್ತಿದ್ದರೆ ಸ್ವರ ಯಾಕೆ? ಅದೇ ಸಂಘದ ಯಾನ್ ಬ್ಲಹೊಸ್ಲಾವ್ 1558ರಲ್ಲಿ ‘ಮೂಸಿಕಾ’ ಎಂಬ ಸಂಗೀತಶಾಸ್ತ್ರವನ್ನು ಚೆಕ್ ಭಾಷೆಯಲ್ಲಿ ಬರೆದ, ಆ ಭಾಷೆಯಲ್ಲಿ ಅದೇ ಮೊದಲು. 1569ರ ಆವೃತ್ತಿಗೆ ಹಾಡು ಕಟ್ಟುವವರಿಗಾಗಿ ಒಂದು ಅನುಬಂಧ ಸೇರಿಸಿದ. ಪದದ ಉದ್ದ ಗಿಡ್ಡವನ್ನು ರಾಗ ಕೆಡಿಸಬಾರದು ಎನ್ನುವ ಎಚ್ಚರ ಅಲ್ಲಿದೆ. ಈ ಎಚ್ಚರ ಮುನ್ನೂರು ವರ್ಷದ ಮೇಲೆ ದೊಡ್ಡ ಜಗಳವಾಗಿ ಮರಳುತ್ತದೆ.

ಎರಡನೆಯ ರುಡಾಲ್ಫ್ ಚಕ್ರವರ್ತಿ ಪ್ರಾಗ್‌ನಲ್ಲಿ ಆಸ್ಥಾನ ಹೂಡಿದ್ದಾಗ ಫಿಲಿಪ್ ದ ಮಾಂಟೆಯಂಥ ಯುರೋಪಿನ ದೊಡ್ಡ ಹೆಸರುಗಳು ಅಲ್ಲಿದ್ದವು. ಸೊಗಸಾದ ಕಾಲ, ಆದರೆ ಬಂದವರ ಕಾಲ. ನೆಲದ ಮಗ ಎಂದರೆ ಕ್ರಿಶ್ತೋಫ್ ಹರಾಂತ್: ಸರದಾರ, ಯೋಧ, ಜೆರುಸಲೇಮಿಗೆ ಹೋಗಿಬಂದು 1608ರಲ್ಲಿ ಪ್ರವಾಸಕಥನ ಅಚ್ಚು ಮಾಡಿಸಿದವ, ಆ ಪುಸ್ತಕದಲ್ಲೇ ತನ್ನದೊಂದು ಆರು ದನಿಗಳ ರಚನೆಯನ್ನೂ ಸೇರಿಸಿದ. 1620ರ ನವೆಂಬರ್ 8ರಂದು ಬಿಳಿಬೆಟ್ಟದ ಕದನದಲ್ಲಿ ಚೆಕ್ ಬಂಡಾಯ ಸೋತಿತು. ಮರುವರ್ಷ ಜೂನ್ 21ರಂದು ಪ್ರಾಗ್‌ನ ಹಳೆಯ ಪೇಟೆಯ ಚೌಕದಲ್ಲಿ 27 ಜನರಿಗೆ ಮರಣದಂಡನೆಯಾಯಿತು, ಅವರಲ್ಲಿ ಹರಾಂತ್ ಒಬ್ಬ. ಅವನ ರಚನೆಗಳು ಈಗ ಕೈಬೆರಳೆಣಿಕೆಯಷ್ಟು ಉಳಿದಿವೆ. 1627ರ ಕಾನೂನು ಕ್ಯಾಥೊಲಿಕ್ ಆಗದವರಿಗೆ ದೇಶ ಬಿಡಲು ಹೇಳಿತು. ಹಾಡುಪುಸ್ತಕಗಳು ಗಂಟುಮೂಟೆಯ ಜೊತೆ ಹೋದವು. ಶಿಕ್ಷಣತಜ್ಞ ಕೊಮೆನ್‌ಸ್ಕಿ ತನ್ನ ಸಂಗ್ರಹವನ್ನು 1659ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಬೇಕಾಯಿತು. ಒಳಗೆ ಉಳಿದವರಲ್ಲಿ ಯಿಂದ್ರಿಖೂವ್ ಹ್ರಾದೆತ್ಸ್‌ನ ಆರ್ಗನ್ ವಾದಕ ಆದಮ್ ಮಿಖ್ನ, ಕ್ಯಾಥೊಲಿಕ್ ಆಗಿಯೇ, ಚೆಕ್‌ನಲ್ಲಿ ಬರೆಯುವುದು ಬಿಡಲಿಲ್ಲ. 1647ರಲ್ಲಿ ಬಂದ ಅವನ ಸಂಗ್ರಹದ ಒಂದು ಜೋಗುಳವನ್ನು ಚೆಕ್ ಮನೆಗಳಲ್ಲಿ ಇಂದಿಗೂ ಕ್ರಿಸ್‌ಮಸ್‌ಗೆ ಹಾಡುತ್ತಾರೆ.

ಮುಂದಿನ ನೂರೈವತ್ತು ವರ್ಷವನ್ನು ಚೆಕ್ಕರು ‘ಕತ್ತಲು’ ಎಂದು ಕರೆದುಕೊಂಡರು. ಭಾಷೆಗೆ ಕತ್ತಲೇ ಸರಿ. ಸಂಗೀತಕ್ಕೆ ಹಾಗಾಗಲಿಲ್ಲ, ಮತ್ತು ಅದಕ್ಕೆ ಕಾರಣ ‘ಕಾಂತೊರ್’. ಇವನು ಹಳ್ಳಿಯ ಶಾಲಾ ಮೇಷ್ಟರು, ಇಗರ್ಜಿಯ ಆರ್ಗನ್ ವಾದಕ, ಗಾಯಕವೃಂದದ ಮುಖ್ಯಸ್ಥ, ಬಹಳ ಸಲ ರಚನೆಕಾರನೂ. ಭಾನುವಾರದ ಪೂಜೆಗೆ ಹಾಡುವವರು, ಪಿಟೀಲು, ಕಹಳೆ, ನಗಾರಿ ಎಲ್ಲ ಬೇಕು. ಅವರನ್ನು ಪೇಟೆಯಿಂದ ಕರೆಸಲು ದುಡ್ಡಿಲ್ಲ. ಆದ್ದರಿಂದ ಶಾಲೆಯ ಮಕ್ಕಳೇ ಕಲಿಯಬೇಕು. ಇನ್ನೊಂದು ಕಡೆ ಜಮೀನ್ದಾರರು ವಾದ್ಯ ನುಡಿಸಬಲ್ಲ ಆಳುಗಳನ್ನು ಹುಡುಕುತ್ತಿದ್ದರು. ಬಂಡಿ ಹೊಡೆಯುವವನು ಸಂಜೆ ಕೊಂಬು ಊದಿದರೆ ಒಂದು ಸಂಬಳ ಉಳಿಯಿತು. ಜೀತದ ಕುಟುಂಬಕ್ಕೋ ಹೊಲದಿಂದ ಅರಮನೆಯ ಒಳಕ್ಕೆ ಹೋಗಲು ಇದ್ದ ಬಾಗಿಲು ಅದೊಂದೇ.

1772ರಲ್ಲಿ ಇಂಗ್ಲಿಷ್ ಸಂಗೀತಚರಿತ್ರೆಕಾರ ಚಾರ್ಲ್ಸ್ ಬರ್ನಿ ಬೊಹೀಮಿಯಾ ದಾಟಿ ಹೋಗುವಾಗ ಚಾಸ್ಲಾವ್ ಊರಿನ ಶಾಲೆಯೊಂದನ್ನು ಕಂಡ. ಆರರಿಂದ ಹನ್ನೊಂದು ವರ್ಷದ ಹುಡುಗರು, ಹುಡುಗಿಯರು. ಕೆಲವರು ಓದುತ್ತಿದ್ದಾರೆ, ಕೆಲವರು ಬರೆಯುತ್ತಿದ್ದಾರೆ, ಕೆಲವರು ಪಿಟೀಲು, ಓಬೋ, ಬಸೂನ್ ನುಡಿಸುತ್ತಿದ್ದಾರೆ, ಎಲ್ಲ ಒಟ್ಟಿಗೇ. ಆರ್ಗನ್ ವಾದಕನ ಮನೆಯ ಪುಟ್ಟ ಕೋಣೆಯಲ್ಲಿ ನಾಲ್ಕು ಕ್ಲಾವಿಕಾರ್ಡ್‌ಗಳು, ನಾಲ್ಕರ ಮುಂದೆಯೂ ಪುಟ್ಟ ಹುಡುಗರು ಅಭ್ಯಾಸಕ್ಕೆ ಕೂತಿದ್ದರು. ಇದು ಸಾಧ್ಯವಾದದ್ದಕ್ಕೆ ವಾದ್ಯದ ಗುಣವೂ ಕಾರಣ. ಕ್ಲಾವಿಕಾರ್ಡ್‌ನಲ್ಲಿ ಪುಟ್ಟ ಹಿತ್ತಾಳೆಯ ಅಲಗು ಕೆಳಗಿನಿಂದ ತಂತಿಯನ್ನು ಮುಟ್ಟುತ್ತದೆ. ಅದರ ದನಿ ಒಂದು ಕೋಣೆಯನ್ನೂ ತುಂಬುವುದಿಲ್ಲ. ಬೆರಳಿನ ಒತ್ತಡ ಹೆಚ್ಚಾದರೆ ಶ್ರುತಿ ಏರಿಬಿಡುತ್ತದೆ, ಆದ್ದರಿಂದ ಮಗುವಿನ ಬೆರಳಿಗೆ ಹದ ತಾನಾಗಿ ಬರುತ್ತದೆ. ಆ ಆರ್ಗನ್ ವಾದಕನ ಒಬ್ಬ ಮಗ, 1760ರಲ್ಲಿ ಹುಟ್ಟಿದ ಯಾನ್ ಲದಿಸ್ಲಾವ್ ದೂಸಿಕ್, ಮುಂದೆ ಯುರೋಪಿನ ಪ್ರಸಿದ್ಧ ಪಿಯಾನೊ ವಾದಕರಲ್ಲಿ ಒಬ್ಬನಾದ.

ಚಾಸ್ಲಾವ್‌ಗೆ ಹತ್ತಿರದ ಝೆಹುಶಿತ್ಸೆಯಲ್ಲಿ 1746ರಲ್ಲಿ ಹುಟ್ಟಿದ ಯಾನ್ ವಾತ್ಸ್‌ಲಾವ್ ಶ್ತಿಖ್‌ನ ಕಥೆ ಈ ವ್ಯವಸ್ಥೆಯ ಇನ್ನೊಂದು ಮುಖ. ಬೊಹೀಮಿಯಾಕ್ಕೆ ಕೊಂಬು ಬಂದದ್ದು ಕೌಂಟ್ ಶ್ಪೊರ್ಕ್ 1680ರ ಸುಮಾರಿಗೆ ತನ್ನ ಇಬ್ಬರು ಆಳುಗಳನ್ನು ಪ್ಯಾರಿಸ್ಸಿಗೆ ಕಳಿಸಿ ಕಲಿಸಿದ ಮೇಲೆ. ಆಗಿನ ಕೊಂಬಿಗೆ ಕವಾಟಗಳಿರಲಿಲ್ಲ. ನಳಿಗೆ ಸಹಜವಾಗಿ ಕೊಡುವ ಸ್ವರಗಳಷ್ಟೇ ಸಿಗುತ್ತಿದ್ದವು. ನಡುವಿನ ಸ್ವರ ಬೇಕಾದರೆ ಅಗಲ ಬಾಯೊಳಗೆ ಬಲಗೈ ತೂರಿಸಿ ಮುಚ್ಚಬೇಕು. ಮುಚ್ಚಿದ ಸ್ವರ ಮಂಕಾಗುತ್ತದೆ, ತೆರೆದದ್ದು ಬೆಳಗುತ್ತದೆ. ಎರಡನ್ನೂ ಒಂದೇ ಎಳೆಯಾಗಿ ಕೇಳಿಸುವುದೇ ವಿದ್ಯೆ. ಶ್ತಿಖ್‌ಗೆ ಅದು ಒಲಿದಿತ್ತು. ಅವನು ಕೌಂಟ್ ಥೂನ್‌ನ ಜೀತದಾಳು, ಕಲಿಸಿದ್ದು ಒಡೆಯನೇ. ಇಪ್ಪತ್ತನೆಯ ವಯಸ್ಸಿಗೆ ಓಡಿಹೋದ. ಹಿಡಿದು ತನ್ನಿ, ಸಿಗದಿದ್ದರೆ ಮುಂದಿನ ಹಲ್ಲುಗಳನ್ನಾದರೂ ಉದುರಿಸಿ ಬನ್ನಿ ಎಂದು ಒಡೆಯ ಆಜ್ಞೆ ಮಾಡಿದ್ದನಂತೆ. ಮುಂದಿನ ಹಲ್ಲು ಹೋದರೆ ತುಟಿಗೆ ಆಸರೆ ಇಲ್ಲ, ಕೊಂಬು ಮತ್ತೆ ಊದಲಾಗದು. ಅವನು ಸಿಗಲಿಲ್ಲ. ಜೊವಾನಿ ಪುಂಟೊ ಎಂದು ಹೆಸರು ಬದಲಿಸಿಕೊಂಡು ಯುರೋಪು ಸುತ್ತಿದ. ಬೀಥೋವನ್ 1800ರಲ್ಲಿ ತನ್ನ ಕೊಂಬಿನ ಸೊನಾಟಾ ಬರೆದದ್ದು ಇವನಿಗೆ.

ಹೀಗೆ ಹೊರಟವರು ಎಷ್ಟೋ ಜನ. ಸ್ತಾಮಿತ್ಸ್ ಮ್ಯಾನ್‌ಹೈಮಿಗೆ, ಬೆಂದ ಸೋದರರು ಪ್ರಷ್ಯಕ್ಕೆ, ಝೆಲೆನ್ಕ ಡ್ರೆಸ್ಡೆನ್‌ಗೆ, ಮಿಸ್ಲಿವೆಚೆಕ್ ಇಟಲಿಗೆ, ರೇಖ ಪ್ಯಾರಿಸ್ಸಿಗೆ. ಇವರಲ್ಲಿ ಝೆಲೆನ್ಕನನ್ನು ತಪ್ಪದೆ ಕೇಳಬೇಕು. ಬಾಖ್‌ನ ಸಮಕಾಲೀನ, ಅವನ ಸ್ವರಸಂಯೋಜನೆಯ ತಿರುವುಗಳು ಈಗಲೂ ಬೆಚ್ಚಿಬೀಳಿಸುತ್ತವೆ. ಊರಲ್ಲೇ ಉಳಿದ ಕಾಂತೊರ್ ಯಾಕುಬ್ ಯಾನ್ ರಿಬ 1796ರಲ್ಲಿ ಚೆಕ್ ಭಾಷೆಯ ಕ್ರಿಸ್‌ಮಸ್ ಪೂಜಾಸಂಗೀತ ಬರೆದ. ಅದು ಲ್ಯಾಟಿನ್ ವಿಧಿಯ ಚೌಕಟ್ಟಿನೊಳಗೆ ಕುರುಬರ ಮಾತುಕತೆ. ‘ಏಳಿ ಮೇಷ್ಟರೇ’ ಎಂದು ಶುರುವಾಗುತ್ತದೆ. ಬಡತನ, ಮೇಲಿನವರ ಕಿರುಕುಳ, ಮುಗಿಯದ ದುಡಿಮೆ ಅವನನ್ನು ತಿಂದುಹಾಕಿದವು. 1815ರಲ್ಲಿ ತಾನೇ ಪ್ರಾಣ ಕಳೆದುಕೊಂಡ. ಮೊಜಾರ್ಟ್‌ನನ್ನು ವಿಯೆನ್ನಾಗಿಂತ ಪ್ರಾಗ್ ಹೆಚ್ಚು ಪ್ರೀತಿಸಿತು, ‘ಡಾನ್ ಜೊವಾನಿ’ಯ ಮೊದಲ ಪ್ರದರ್ಶನ 1787ರ ಅಕ್ಟೋಬರ್ 29ರಂದು ಅಲ್ಲೇ ನಡೆಯಿತು ಎಂದು ಹೆಮ್ಮೆಯಿಂದ ಹೇಳುವಾಗ, ಆ ಕಿವಿಗಳನ್ನು ತಯಾರು ಮಾಡಿದ್ದು ರಿಬನಂಥ ಮೇಷ್ಟರುಗಳು ಎಂಬುದನ್ನೂ ಹೇಳಬೇಕು.

ಈಗ ಭಾಷೆಯ ಜಗಳಕ್ಕೆ ಬರೋಣ. ಚೆಕ್ ಭಾಷೆಯಲ್ಲಿ ಒತ್ತು ಯಾವಾಗಲೂ ಪದದ ಮೊದಲ ಅಕ್ಷರದ ಮೇಲೆ. ಆದರೆ ದೀರ್ಘಸ್ವರ ಎಲ್ಲಿ ಬೇಕಾದರೂ ಬರಬಹುದು. ‘ದ್ವೊರ್ಝಾಕ್’ ಎಂಬ ಹೆಸರನ್ನೇ ತೆಗೆದುಕೊಳ್ಳಿ: ಒತ್ತು ‘ದ್ವೊ’ ಮೇಲೆ, ಅದು ಹ್ರಸ್ವ, ದೀರ್ಘ ‘ರ್ಝಾ’, ಅದಕ್ಕೆ ಒತ್ತಿಲ್ಲ. ಲಘು ಗುರು ಎಣಿಸಿ ಬೆಳೆದ ನಮ್ಮ ಕಿವಿಗೆ ಇದು ಬೇಗ ಹಿಡಿಯುತ್ತದೆ, ಆದರೆ ಜರ್ಮನ್ ಕಿವಿಗೆ ಒತ್ತು ಮತ್ತು ಉದ್ದ ಸಾಮಾನ್ಯವಾಗಿ ಜೊತೆಜೊತೆಗೇ ಹೋಗುತ್ತವೆ. ಈ ಹೆಸರನ್ನು ಹಾಡಿಗೆ ಕೂರಿಸುವವನು ‘ದ್ವೊ’ ಅನ್ನು ತಾಳದ ಪೆಟ್ಟಿನ ಮೇಲಿಟ್ಟು ಗಿಡ್ಡ ಸ್ವರ ಕೊಡಬೇಕು, ‘ರ್ಝಾಕ್’ಗೆ ಪೆಟ್ಟಿಲ್ಲದ ಜಾಗದಲ್ಲಿ ಉದ್ದ ಸ್ವರ ಕೊಡಬೇಕು. ಅದಲುಬದಲು ಮಾಡಿದರೆ ಪರದೇಶಿಯೊಬ್ಬ ಚೆಕ್ ಮಾತಾಡಿದ ಹಾಗೆ ಕೇಳುತ್ತದೆ. ಇನ್ನೊಂದು ತೊಡಕು: ಜರ್ಮನ್ ಸಾಲು ಬಹಳ ಸಲ ಒತ್ತಿಲ್ಲದ ಪುಟ್ಟ ಪದದಿಂದ ಶುರುವಾಗುತ್ತದೆ, ರಾಗವೂ ಪೆಟ್ಟಿಗೆ ಮುಂಚೆ ಒಂದು ಸ್ವರ ಎತ್ತಿಕೊಂಡು ಹೊರಡುತ್ತದೆ. ಚೆಕ್‌ನಲ್ಲಿ ಅಂಥ ಪುಟ್ಟ ಪದಗಳು ಕಡಿಮೆ. ಸಾಲು ಸಾಮಾನ್ಯವಾಗಿ ನೇರ ಪೆಟ್ಟಿನ ಮೇಲೆ ಬೀಳುತ್ತದೆ. ಚೆಕ್ ರಾಗಗಳು ಸಮದಿಂದಲೇ ಎತ್ತಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ, ವಾದ್ಯಸಂಗೀತದಲ್ಲೂ.

1824ರಲ್ಲಿ ಲಿತೊಮಿಶ್ಲ್‌ನಲ್ಲಿ ಹುಟ್ಟಿದ ಸ್ಮೆತನ ಶಾಲೆ ಓದಿದ್ದು ಜರ್ಮನ್‌ನಲ್ಲಿ. ನಲವತ್ತು ಸಮೀಪಿಸುವವರೆಗೆ ದಿನಚರಿಯನ್ನೂ ಜರ್ಮನ್‌ನಲ್ಲೇ ಬರೆದ. ಅವನ ‘ದಾಲಿಬೊರ್’ ಮತ್ತು ‘ಲಿಬುಶೆ’ ಒಪೆರಾಗಳ ಸಾಹಿತ್ಯ ಮೊದಲು ಜರ್ಮನ್‌ನಲ್ಲಿ ಹುಟ್ಟಿ, ಆಮೇಲೆ ಅದೇ ಛಂದಸ್ಸಿಗೆ ಹೊಂದಿಸಿ ಚೆಕ್‌ಗೆ ಬಂದದ್ದು. ಅದಕ್ಕೇ ಅಲ್ಲಲ್ಲಿ ಒತ್ತು ಜಾರುತ್ತದೆ. 1871ರಲ್ಲಿ ಎಲಿಶ್ಕ ಕ್ರಾಸ್ನೊಹೊರ್ಸ್ಕಾ ಎಂಬ ಕವಯಿತ್ರಿ ಚೆಕ್ ಪದಗಳನ್ನು ರಾಗಕ್ಕೆ ಹೇಗೆ ಕೂರಿಸಬೇಕು ಎಂದು ಪ್ರಬಂಧವೊಂದನ್ನೇ ಬರೆದಳು. ಸ್ಮೆತನನ ನಂತರದ ಒಪೆರಾಗಳಿಗೆ ಸಾಹಿತ್ಯ ಕೊಟ್ಟವಳೂ ಅವಳೇ, ಅಲ್ಲಿ ಪದ ಮತ್ತು ಸ್ವರ ಒಂದಾಗಿವೆ. ನಡುವಯಸ್ಸಿನಲ್ಲಿ ತಾಯ್ನುಡಿಯನ್ನು ವಿದ್ಯಾರ್ಥಿಯ ಹಾಗೆ ಕೂತು ಕಲಿತವನ ಈ ಶ್ರದ್ಧೆಗೆ ನಾನು ತಲೆಬಾಗುತ್ತೇನೆ.

ಅವನ ಕಿವಿ ಹೋದದ್ದು 1874ರ ಅಕ್ಟೋಬರ್‌ನಲ್ಲಿ. ‘ವಲ್ತವಾ’ ಬರೆಯಲು ಕೂತದ್ದು ಅದರ ಮರುತಿಂಗಳು. ‘ನನ್ನ ನಾಡು’ ಕೇಳುವವರಿಗೆ ಒಂದೆರಡು ಗುರುತುಗಳು ಬೇಕು. ಮೊದಲ ಭಾಗ ‘ವಿಶೆಹ್ರಾದ್’, ಪ್ರಾಗ್ ಬಳಿ ವಲ್ತವಾ ದಡದ ಹಳೆಯ ಕೋಟೆಯ ಹೆಸರು, ಎರಡು ಹಾರ್ಪ್‌ಗಳಿಂದ ಶುರುವಾಗುತ್ತದೆ. ಅವು ನುಡಿಸುವ ಮೊದಲ ಎರಡು ಮುಖ್ಯ ಸ್ವರಗಳನ್ನು ಜರ್ಮನ್ ಪದ್ಧತಿಯಲ್ಲಿ ‘ಬಿ’, ‘ಎಸ್’ ಎನ್ನುತ್ತಾರೆ, ಅವನ ಹೆಸರಿನ ಮೊದಲಕ್ಷರಗಳೇ. ನದಿಯ ಭಾಗದ ಕೊನೆಯಲ್ಲಿ, ವಲ್ತವಾ ಪ್ರಾಗ್ ತಲುಪಿದಾಗ, ಇದೇ ಸ್ವರಗಳು ದೊಡ್ಡ ದನಿಯಲ್ಲಿ ಮರಳುತ್ತವೆ. ನದಿ ಕೋಟೆಯ ಕೆಳಗೆ ಹಾದುಹೋಯಿತು ಎಂದರ್ಥ. ‘ವಲ್ತವಾ’ವನ್ನು ಒಂಟಿಯಾಗಿ ನುಡಿಸಿದಾಗ ಇದು ಸುಮ್ಮನೆ ಗಟ್ಟಿ ಗದ್ದಲವಾಗಿಬಿಡುತ್ತದೆ. ಆರೂ ಸೇರಿ ಸುಮಾರು ಎಂಬತ್ತು ನಿಮಿಷ. ಅಷ್ಟು ಹೊತ್ತಿಲ್ಲದಿದ್ದರೆ ಮೊದಲೆರಡು ಕೇಳಿ, ಇನ್ನೊಂದು ದಿನ ಕೊನೆಯೆರಡು. ಬ್ಲಾನಿಕ್ ಬೆಟ್ಟದೊಳಗೆ ಸಂತ ವಾತ್ಸ್‌ಲಾವ್‌ನ ಸವಾರರು ಮಲಗಿದ್ದಾರೆ, ನಾಡಿಗೆ ಕೇಡು ಬಂದಾಗ ಏಳುತ್ತಾರೆ ಎಂಬುದು ಐತಿಹ್ಯ. ಸ್ಮೆತನ ಅಲ್ಲಿ ಹುಸ್‌ಪಂಥದ ಹಾಡಿನ ಮೊದಲ ನುಡಿಯ ಕೊನೆಯ ಸಾಲನ್ನು, ‘ಅವನೊಡನೆ ಕೊನೆಗೆ ಗೆಲ್ಲುವಿರಿ’ ಎಂಬುದನ್ನು, ನಡಿಗೆಗೀತೆ ಮಾಡಿ ಏರಿಸುತ್ತಾನೆ. ಕೃತಿ ಪೂರ್ತಿಯಾಗಿ ಮೊದಲು ಕೇಳಿಬಂದದ್ದು 1882ರ ನವೆಂಬರ್ 5ರಂದು. ಬರೆದವನಿಗೆ ಒಂದು ಸ್ವರವೂ ಕೇಳಿಸಲಿಲ್ಲ.

ನೆಲಹೊಜೆವೆಸ್‌ನ ಕಸಾಯಿ ಅಂಗಡಿಯವನ ಮಗ ಅಂತೊನಿನ್ ದ್ವೊರ್ಝಾಕ್‌ನನ್ನೂ ರೂಪಿಸಿದ್ದು ಹಳ್ಳಿಯ ಕಾಂತೊರ್‌ಗಳೇ. ಒಂಬತ್ತು ವರ್ಷ ನಾಟಕಮಂದಿರದ ವೃಂದದಲ್ಲಿ ವಿಯೋಲ ನುಡಿಸಿದ. ಜನ ಚಂದಾ ಎತ್ತಿ ಕಟ್ಟಿದ ರಾಷ್ಟ್ರೀಯ ರಂಗಮಂದಿರ 1881ರ ಜೂನ್‌ನಲ್ಲಿ ತೆರೆದು, ಆಗಸ್ಟ್‌ನಲ್ಲಿ ಸುಟ್ಟುಹೋಗಿ, ಮತ್ತೆ ಚಂದಾ ಕೂಡಿ 1883ರ ನವೆಂಬರ್ 18ರಂದು ಮರಳಿ ತೆರೆಯಿತು. ಆ ವರ್ಷ ಅವನು ಬರೆದ ‘ಹುಸಿತ್‌ಸ್ಕಾ’ ಪೀಠಿಕೆಯಲ್ಲಿ ಎರಡನೆಯ ಮತ್ತು ಮೂರನೆಯ ಹಾಡುಗಳೆರಡೂ ಇವೆ: ಸಂತನದು, ಯೋಧರದು. ಇತಿಹಾಸದಲ್ಲಿ ಎದುರುಬದುರಾಗಿದ್ದ ಕ್ಯಾಥೊಲಿಕ್ ನೆನಪು ಮತ್ತು ಬಂಡಾಯದ ನೆನಪು ಸುಮಾರು ಹದಿಮೂರು ನಿಮಿಷದಲ್ಲಿ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ.

ಅವನ ಸ್ಲಾವ್ ನೃತ್ಯಗಳನ್ನು ಕೇಳುವವರಿಗೆ ‘ಫುರಿಯಾಂತ್’ ಎಣಿಸುವುದು ಗೊತ್ತಿದ್ದರೆ ಸುಖ ಇಮ್ಮಡಿ. ಬರೆದಿರುವುದು ಮೂರರ ಎಣಿಕೆಯಲ್ಲಿ, ನಾಲ್ಕು ಆವರ್ತ, ಒಟ್ಟು ಹನ್ನೆರಡು. ಪೆಟ್ಟು ಬೀಳುವುದು ಮಾತ್ರ ಹೀಗೆ: ಒಂದು ಎರಡು, ಒಂದು ಎರಡು, ಒಂದು ಎರಡು, ಒಂದು ಎರಡು ಮೂರು, ಒಂದು ಎರಡು ಮೂರು. 1878ರ ಮೊದಲ ಗುಚ್ಛದ ಒಂದನೆಯ ಮತ್ತು ಎಂಟನೆಯ ನೃತ್ಯಗಳಲ್ಲಿ ಕೈತಟ್ಟಿ ನೋಡಿ. ನಿರ್ದೇಶಕ ಪ್ರತಿ ಆವರ್ತದ ಮೊದಲ ಎಣಿಕೆಯನ್ನೂ ಒತ್ತಿದರೆ ಈ ಹೆಣಿಗೆ ಸತ್ತು ಬರೀ ವಾಲ್ಟ್ಸ್ ಉಳಿಯುತ್ತದೆ.

ಲೆಯೋಶ್ ಯಾನಾಚೆಕ್ ಕಾಂತೊರ್‌ನ ಮಗ, ಕಾಂತೊರ್‌ನ ಮೊಮ್ಮಗ. ಕ್ರಾಸ್ನೊಹೊರ್ಸ್ಕಾ ನಿಯಮವಾಗಿ ಹೇಳಿದ್ದನ್ನು ಅವನು ಬೀದಿಗೆ ಹೋಗಿ ಕೇಳಿದ. ಕಿಸೆಯಲ್ಲಿ ಪುಸ್ತಕ, ಮಾರುಕಟ್ಟೆಯ ಹೆಂಗಸು, ರೈಲು ನಿಲ್ದಾಣದ ಮಗು, ಯಾರು ಏನೇ ಅಂದರೂ ಆ ಮಾತಿನ ಏರಿಳಿತವನ್ನು ಐದು ಗೆರೆಗಳ ಮೇಲೆ ಬರೆದುಕೊಳ್ಳುತ್ತಿದ್ದ. 1903ರ ಫೆಬ್ರುವರಿಯಲ್ಲಿ ಮಗಳು ಓಲ್ಗ ಸಾಯುವಾಗ ಅವಳ ಕೊನೆಯ ಮಾತುಗಳನ್ನೂ ಹಾಗೆಯೇ ಬರೆದುಕೊಂಡ. ಕ್ರೌರ್ಯ ಎಂದು ಕೆಲವರಿಗೆ ಅನ್ನಿಸಬಹುದು. ಅವನಿಗೆ ಒಬ್ಬ ಮನುಷ್ಯ ಪೂರ್ತಿಯಾಗಿ ಉಳಿಯುವುದು ದನಿಯ ಏರಿಳಿತದಲ್ಲಿ, ಹಿಡಿದಿಡಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ. ಮರುವರ್ಷ ಬ್ರ್ನೊದಲ್ಲಿ ಬಂದ ‘ಯೆನೂಫಾ’ ಒಪೆರಾದ ಸಾಹಿತ್ಯ ಪದ್ಯವಲ್ಲ, ಗದ್ಯ. ಜನ ಮಾತಾಡುವ ಹಾಗೆಯೇ ಹಾಡುತ್ತಾರೆ. ಪ್ರಾಗ್ ಅದನ್ನು ಒಪ್ಪಿಕೊಳ್ಳಲು 1916ರವರೆಗೆ ಕಾಯಿಸಿತು, ಅದೂ ವಾದ್ಯಯೋಜನೆಯನ್ನು ಬೇರೆಯವರಿಂದ ತಿದ್ದಿಸಿದ ಮೇಲೆ.

ಅದೇ ಯಾನಾಚೆಕ್ 1927ರ ಡಿಸೆಂಬರ್‌ನಲ್ಲಿ ‘ಗ್ಲಾಗೊಲಿತಿಕ್ ಪೂಜಾಸಂಗೀತ’ ಕೊಟ್ಟ. ಭಾಷೆ ಸಿರಿಲ್, ಮೆಥೋಡಿಯಸ್ ಕಲಿಸಿದ ಹಳೆಯ ಸ್ಲಾವ್. ‘ಗೊಸ್ಪೊದಿ, ಪೊಮಿಲುಯ್’ ಎಂದು ಗಾಯಕವೃಂದ ಶುರುಮಾಡುತ್ತದೆ. ಹೊಸ್ಪೊದಿನೆ, ಗೊಸ್ಪೊದಿ: ಹಳೆಯ ‘ಗ’ಕಾರ ಚೆಕ್‌ನಲ್ಲಿ ‘ಹ’ಕಾರವಾಯಿತು, ಅಷ್ಟೇ. ಮೊದಲ ಹಾಡಿನ ಕೂಗು ಸಾವಿರ ವರ್ಷದ ಮೇಲೆ ಮತ್ತೆ ಅದರ ಹಳೆಯ ಉಚ್ಚಾರದಲ್ಲಿ ಕೇಳಿತು. ರಾಗ ಮಾತ್ರ ಪೂರ್ತಿ ಯಾನಾಚೆಕ್‌ನ ಸ್ವಂತದ್ದು.

1939ರ ಮಾರ್ಚ್ 15ರಂದು ನಾಝಿಗಳು ಒಳಬಂದರು. ಯಾನಾಚೆಕ್‌ನ ಶಿಷ್ಯ ಪಾವೆಲ್ ಹಾಸ್, ಬ್ರ್ನೊದ ಯಹೂದಿ, ಆ ವರ್ಷ ಓಬೋ ಮತ್ತು ಪಿಯಾನೊಗಾಗಿ ಬರೆದ ಮಾಲಿಕೆಯಲ್ಲಿ ಸಂತನ ಹಾಡನ್ನೂ ಯೋಧರ ಹಾಡನ್ನೂ ಅಡಗಿಸಿಟ್ಟ. ಪದಗಳಿಲ್ಲ, ಸ್ವರಗಳಷ್ಟೇ, ಗೊತ್ತಿದ್ದವರಿಗೆ ಸಾಕು. ಅವನನ್ನು ತೆರೆಜೀನ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಅವನು ತಂತಿವಾದ್ಯಗಳಿಗಾಗಿ ಬರೆದ ಕೃತಿಯನ್ನು ಸಹಕೈದಿ, ವಾದ್ಯವೃಂದ ನಿರ್ದೇಶಕ ಕಾರೆಲ್ ಆಂಚೆರ್ಲ್ ನುಡಿಸಿಸಿದ. 1944ರ ಅಕ್ಟೋಬರ್ 16ರಂದು ಇಬ್ಬರನ್ನೂ ಆಶ್‌ವಿತ್ಸ್‌ಗೆ ಕಳಿಸಿದರು. ಹಾಸ್ ಉಳಿಯಲಿಲ್ಲ. ಬದುಕಿ ಬಂದ ಆಂಚೆರ್ಲ್ ತೆರೆಜೀನ್‌ಗೆ ಹೋಗಿ ಆ ಕೃತಿಯ ವಾದ್ಯಪ್ರತಿಗಳನ್ನು ಹುಡುಕಿ ತಂದ. ಡಬಲ್ ಬೇಸ್‌ನದು ಸಿಗಲಿಲ್ಲ, ಅದನ್ನು ಆಮೇಲೆ ಊಹಿಸಿ ಬರೆಯಬೇಕಾಯಿತು. ಅಮೆರಿಕಾದಲ್ಲಿದ್ದ ಬೊಹುಸ್ಲಾವ್ ಮಾರ್ತಿನೂ, ನಾಝಿಗಳು ನೆಲಸಮ ಮಾಡಿದ ಲಿದಿತ್ಸೆ ಹಳ್ಳಿಗಾಗಿ 1943ರಲ್ಲಿ ಒಂದು ಪುಟ್ಟ ಶೋಕಕೃತಿ ಬರೆದ. ಎಂಟು ಹತ್ತು ನಿಮಿಷದ್ದು, ಕೇಳಿದ ಮೇಲೆ ಬಹಳ ಹೊತ್ತು ಮಾತಾಡಲಾಗದು.

1968ರ ಆಗಸ್ಟ್‌ನಲ್ಲಿ ಸೋವಿಯೆತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ, ಪ್ರಾಗ್‌ನಲ್ಲೇ ಹುಟ್ಟಿದ ಕಾರೆಲ್ ಹುಸಾ ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ. ಇಥಾಕಾ ಕಾಲೇಜಿನ ಊದುವಾದ್ಯ ವೃಂದಕ್ಕಾಗಿ ‘ಪ್ರಾಗ್‌ಗಾಗಿ ಸಂಗೀತ 1968’ ಬರೆದ. ಪಿಕೊಲೊ ಒಂದು ಹಕ್ಕಿಯ ಕೂಗನ್ನು ಹಿಡಿಯುತ್ತದೆ. ಅದರ ಕೆಳಗೆ, ಕಿವಿಗೊಟ್ಟರಷ್ಟೇ ಕೇಳುವ ಹಾಗೆ, ಟಿಂಪನಿಯ ಮೇಲೆ ಆ ಬಡಿತ: ಯೋಧರ ಹಾಡಿನ ಮೊದಲ ಸಾಲು. ಮೂರನೆಯ ಭಾಗ ಪೂರ್ತಿ ತಾಳವಾದ್ಯ. ಕೊನೆಯಲ್ಲಿ ಇಡೀ ವೃಂದ ಒಂದೇ ದನಿಯಾಗಿ ಹಾಡಿನ ತುಣುಕನ್ನು ಎತ್ತುತ್ತದೆ. ಸ್ಮೆತನ ಗೆಲುವಿನ ಸಾಲಿನವರೆಗೂ ಹೋಗಿದ್ದ. ಹುಸಾ ಇಡೀ ಕೃತಿಯಲ್ಲಿ ಎಲ್ಲಿಯೂ ಹಾಡನ್ನು ಪೂರ್ತಿ ಹಾಡಿಸುವುದಿಲ್ಲ. 1990ರಲ್ಲಿ, ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ, ಅವನೇ ಪ್ರಾಗ್‌ಗೆ ಬಂದು ಅದನ್ನು ನಿರ್ದೇಶಿಸಿದ. ಅದೇ ವರ್ಷ ಮೇ 12ರಂದು, ಸ್ಮೆತನ ಸತ್ತ ದಿನ, 1948ರಲ್ಲಿ ದೇಶ ಬಿಟ್ಟಿದ್ದ ನಿರ್ದೇಶಕ ರಫಾಯೆಲ್ ಕುಬೆಲಿಕ್ ಮರಳಿ ಬಂದು ‘ನನ್ನ ನಾಡು’ ನುಡಿಸಿಸಿದ, ಆರು ಭಾಗಗಳನ್ನೂ. ಎರಡರ ಧ್ವನಿಮುದ್ರಣಗಳನ್ನು ಒಂದಾದ ಮೇಲೊಂದು ಕೇಳುವುದಾದರೆ ಹುಸಾನದನ್ನು ಮೊದಲು ಇಟ್ಟುಕೊಳ್ಳಿ. ಅವನು ಬಿಟ್ಟ ಸಾಲು ಬ್ಲಾನಿಕ್‌ನಲ್ಲಿ ಇದೆ.